ಬೀದಿಯ ಕೆಲಸವನ್ನು ಮೆಂಬರ್ ಮೂಲಕ ಮಾಡಿಸಿಕೊಳ್ಳುವುದು ಹೇಗೆ?

ನಮ್ಮ ಬೀದಿಯ ಚರಂಡಿ ಸತತ ಮೂರು ಮಳೆಗಾಲ ಉಕ್ಕಿ ಹರಿಯಿತು. ಮೂರೂ ಸಲ ನಾವು ಮಾಡಿದ್ದು ಒಂದೇ ಕೆಲಸ. ಮೆಂಬರ್‌ಗೆ, ಅಂದರೆ ನಮ್ಮ ವಾರ್ಡಿನಿಂದ ಗೆದ್ದ ನಗರಸಭೆ ಸದಸ್ಯರಿಗೆ, ಫೋನ್ ಮಾಡಿದೆವು, ‘ನೋಡೋಣ’ ಅಂದರು, ನಾವು ಕಾದೆವು. ನಾಲ್ಕನೇ ವರ್ಷ ಎದುರು ಮನೆಯ ಹಿರಿಯರೊಬ್ಬರು ಎಲ್ಲರನ್ನೂ ಕೂರಿಸಿಕೊಂಡು ಕೇಳಿದರು: ‘ಇಷ್ಟು ದಿನದಲ್ಲಿ ಒಂದು ಅರ್ಜಿಯಾದರೂ ಕೊಟ್ಟಿದ್ದೀರೇನಪ್ಪಾ?’ ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ನಾವು ಯಾರೂ ಕೊಟ್ಟಿರಲಿಲ್ಲ. ಆಮೇಲೆ ಅವರು ಹೇಳಿಕೊಟ್ಟಿದ್ದು, ನಾವು ಓಡಾಡಿ ಕಲಿತಿದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ನಗರಸಭೆ ಇರುವ ಊರು. ಪುರಸಭೆ, ಪಟ್ಟಣ ಪಂಚಾಯಿತಿ ಇರುವ ಕಡೆಯೂ ದಾರಿ ಹೆಚ್ಚುಕಡಿಮೆ ಇದೇ. ಈ ಮೂರಕ್ಕೂ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ ಅನ್ವಯಿಸುತ್ತದೆ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡದಂಥ ಮಹಾನಗರ ಪಾಲಿಕೆಗಳಿಗೆ 1976ರ ಬೇರೆ ಕಾಯ್ದೆ ಇದೆ. ಅಲ್ಲಿ ಮೆಂಬರ್ ಅನ್ನುವುದಿಲ್ಲ, ಕಾರ್ಪೊರೇಟರ್ ಅನ್ನುತ್ತಾರೆ.

ಮೊದಲು: ಮೆಂಬರ್ ಏನು ಮಾಡಬಲ್ಲರು?

ಮೆಂಬರ್ ಎಂಜಿನಿಯರ್ ಅಲ್ಲ, ಅಧಿಕಾರಿಯೂ ಅಲ್ಲ. ಅವರ ಕೈಯಲ್ಲಿ ಚೆಕ್ ಬುಕ್ ಇರುವುದಿಲ್ಲ. ಹಣಕ್ಕೆ ಸಹಿ ಹಾಕುವವರು ನಗರಸಭೆಯಲ್ಲಿ ಪೌರಾಯುಕ್ತರು, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿ, ಪಾಲಿಕೆಯಲ್ಲಿ ಆಯುಕ್ತರು. ಮೆಂಬರ್‌ಗೆ ಇರುವುದು ಬೇರೆ ರೀತಿಯ ಶಕ್ತಿ. ಅವರು ಸಾಮಾನ್ಯ ಸಭೆಯಲ್ಲಿ ಎದ್ದು ಕೇಳಬಹುದು. ವಾರ್ಡಿನ ಕೆಲಸವನ್ನು ವರ್ಷದ ಕ್ರಿಯಾ ಯೋಜನೆಗೆ ಸೇರಿಸಬಹುದು. ಬಜೆಟ್ ಮೇಲೆ ಮತ ಹಾಕಬಹುದು. ಕಿರಿಯ ಎಂಜಿನಿಯರ್ ಅವರನ್ನು ಸ್ಥಳಕ್ಕೆ ಕರೆಸಬಹುದು. ಇಷ್ಟನ್ನು ಅವರಿಂದ ಮಾಡಿಸಿಕೊಂಡರೆ ನಿಮ್ಮ ಕೆಲಸದ ಮುಕ್ಕಾಲು ಭಾಗ ಆದ ಹಾಗೆ.

ಖಾತೆ ಬದಲಾವಣೆ, ಜನನ ಪ್ರಮಾಣಪತ್ರ, ಅಂಗಡಿ ಪರವಾನಗಿ ಇಂಥವಕ್ಕೆ ಮೆಂಬರ್ ಮನೆಗೆ ಹೋಗಬೇಡಿ. ಅವು ಸಕಾಲ ಕಾಯ್ದೆಯಲ್ಲಿ ಬರುತ್ತವೆ. 2012ರ ಏಪ್ರಿಲ್‌ನಿಂದ ಆ ಕಾಯ್ದೆ ಜಾರಿಯಲ್ಲಿದೆ. ಅರ್ಜಿ ಹಾಕಿದಾಗ 15 ಅಂಕಿಯ ಒಂದು ಸಂಖ್ಯೆ ಕೊಡುತ್ತಾರೆ, ಗಡುವಿನ ದಿನವೂ ಇರುತ್ತದೆ. ಆ ಚೀಟಿಯನ್ನು ಕೇಳಿ ಪಡೆಯಿರಿ, ಸಾಕು.

ತೊಂದರೆ ಯಾರ ಲೆಕ್ಕಕ್ಕೆ ಸೇರಿದ್ದು ಎಂದು ಪತ್ತೆ ಮಾಡಿ

ಜನ ಜಾಸ್ತಿ ಎಡವುವುದು ಇಲ್ಲೇ. ರಸ್ತೆ ನಮ್ಮ ಮನೆ ಮುಂದೆ ಇದೆ ಎಂದ ಮಾತ್ರಕ್ಕೆ ಅದು ನಗರಸಭೆಯದ್ದೇ ಆಗಿರಬೇಕಿಲ್ಲ. ಊರಿನ ನಡುವೆ ಹಾದುಹೋಗುವ ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದ್ದೋ ರಾಷ್ಟ್ರೀಯ ಹೆದ್ದಾರಿಯವರದ್ದೋ ಆಗಿರಬಹುದು. ಬೀದಿದೀಪದ ಬಲ್ಬ್ ನೋಡಿಕೊಳ್ಳುವವರು ನಗರಸಭೆಯವರು. ವಾಲಿದ ಕಂಬ, ಜೋತುಬಿದ್ದ ತಂತಿ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಹೀಗೆ ಆಯಾ ಭಾಗದ ವಿದ್ಯುತ್ ಕಂಪನಿಯದ್ದು. ಅದಕ್ಕೆ 1912ಕ್ಕೆ ಫೋನ್ ಮಾಡಿದರೆ ಬೇಗ ಆಗುತ್ತದೆ. ಒಳಚರಂಡಿಯ ಹೊಸ ಕಾಮಗಾರಿಯನ್ನು ಬಹಳಷ್ಟು ಊರುಗಳಲ್ಲಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಮಾಡುತ್ತದೆ. ಕೊಳವೆ ಕಟ್ಟಿದರೆ ಬಿಡಿಸಬೇಕಾದವರು ಮಾತ್ರ ಸ್ಥಳೀಯ ಸಂಸ್ಥೆಯವರು.

ಇನ್ನೊಂದು ಸಂಗತಿ ಇದೆ, ಹೊಸ ಬಡಾವಣೆಯವರು ಗಮನ ಕೊಟ್ಟು ಓದಿ. ನಿಮ್ಮ ಬಡಾವಣೆ ನಗರಸಭೆಗೆ ಹಸ್ತಾಂತರ ಆಗಿದೆಯಾ? ಖಾಸಗಿಯವರು ಮಾಡಿದ ಲೇಔಟ್ ಆಗಲಿ, ನಗರಾಭಿವೃದ್ಧಿ ಪ್ರಾಧಿಕಾರ ಮಾಡಿದ್ದಾಗಲಿ, ಹಸ್ತಾಂತರ ಆಗದಿದ್ದರೆ ನಗರಸಭೆ ಅಲ್ಲಿ ಹಣ ಹಾಕಲು ಹಿಂಜರಿಯುತ್ತದೆ. ಎಷ್ಟೋ ಕಡೆ ಜನ ವರ್ಷಗಟ್ಟಲೆ ಮೆಂಬರ್ ಜೊತೆ ಜಗಳ ಆಡಿರುತ್ತಾರೆ. ನಿಜವಾದ ತೊಡಕು ಹಸ್ತಾಂತರದ ಕಡತದಲ್ಲಿ ಕೂತಿರುತ್ತದೆ. ಹಾಗಿದ್ದರೆ ನಿಮ್ಮ ಮೊದಲ ಅರ್ಜಿ ರಸ್ತೆಗೆ ಬೇಡ, ಹಸ್ತಾಂತರಕ್ಕೆ ಇರಲಿ.

ನಮ್ಮ ಚರಂಡಿಯ ವಿಷಯದಲ್ಲಿ ಗೊತ್ತಾಗಿದ್ದೇ ಬೇರೆ. ಒಂದು ಭಾನುವಾರ ಬೆಳಿಗ್ಗೆ ನಾಲ್ಕು ಜನ ನೀರು ಹರಿಯುವ ದಾರಿಯನ್ನೇ ಹಿಡಿದು ನಡೆದೆವು. ಬೀದಿ ಮುಗಿದ ಮೇಲೆ ಮುಖ್ಯರಸ್ತೆ ದಾಟಿ ಒಂದು ಮೋರಿ ಇತ್ತು. ಅದರ ಆಚೆ ಬಾಯಿ ಮಣ್ಣು, ಪ್ಲಾಸ್ಟಿಕ್‌ನಿಂದ ಪೂರ್ತಿ ಮುಚ್ಚಿಹೋಗಿತ್ತು. ಆ ಆಚೆ ಬಾಯಿ ಇದ್ದದ್ದು ಪಕ್ಕದ ವಾರ್ಡಿನಲ್ಲಿ! ಮೂರು ವರ್ಷ ನಾವು ಕೇಳಿದ್ದು ಒಬ್ಬ ಮೆಂಬರ್‌ರನ್ನು, ಕೇಳಬೇಕಾಗಿದ್ದು ಇಬ್ಬರನ್ನು. ಆದ್ದರಿಂದ ಚರಂಡಿಯ ದೂರು ಇದ್ದರೆ ನೀರು ಕೊನೆಗೆ ಎಲ್ಲಿಗೆ ಸೇರುತ್ತದೆ ಎಂದು ಕಾಲ್ನಡಿಗೆಯಲ್ಲೇ ಹೋಗಿ ನೋಡಿ. ನಮ್ಮ ಬೀದಿಗೆ ಕಾಂಕ್ರೀಟ್ ಚರಂಡಿ ಹಾಕಿಸಿಕೊಂಡು ಮುಂದಿನ ಬೀದಿಯ ಮನೆಗಳಿಗೆ ನೀರು ನುಗ್ಗಿಸುವುದು ಪರಿಹಾರ ಅಲ್ಲ, ಅಲ್ವಾ?

ಬಾಯಿಮಾತು ಬಿಡಿ, ಅರ್ಜಿ ಬರೆಯಿರಿ

ಮೆಂಬರ್ ಒಬ್ಬರಿಗೆ ದಿನಕ್ಕೆ ಎಷ್ಟು ಫೋನ್ ಬರಬಹುದು ಎಂದು ಯೋಚಿಸಿ. ನೀರು ಬಂದಿಲ್ಲ, ಕಸದ ಗಾಡಿ ಬಂದಿಲ್ಲ, ನಾಯಿ ಕಾಟ, ಮದುವೆಗೆ ಬನ್ನಿ. ಸಂಜೆ ಹೊತ್ತಿಗೆ ನಿಮ್ಮ ಚರಂಡಿ ಅವರ ನೆನಪಿನಲ್ಲಿ ಇರುವುದಿಲ್ಲ. ಇದು ಅವರ ತಪ್ಪು ಎನ್ನಲಾರೆ. ಆದರೆ ಬರೆದುಕೊಟ್ಟ ಒಂದು ಹಾಳೆಯನ್ನು ಅವರು ಸಭೆಗೆ ಒಯ್ಯಬಹುದು. ಅಧಿಕಾರಿಯ ಮೇಜಿನ ಮೇಲೆ ಇಟ್ಟು ‘ಇದಕ್ಕೆ ಉತ್ತರ ಕೊಡಿ’ ಎನ್ನಬಹುದು. ನೀವು ಅವರಿಗೆ ಕೊಡಬೇಕಾದದ್ದು ಆ ಹಾಳೆ.

ಅರ್ಜಿ ಒಂದು ಪುಟ ಮೀರಬಾರದು. ಒಂದು ಅರ್ಜಿಗೆ ಒಂದೇ ವಿಷಯ. ರಸ್ತೆ, ನೀರು, ದೀಪ ಎಲ್ಲವನ್ನೂ ಒಂದರಲ್ಲೇ ತುಂಬಿದರೆ ಅದು ಯಾವ ವಿಭಾಗಕ್ಕೂ ಸರಿಯಾಗಿ ಹೋಗುವುದಿಲ್ಲ. ನೀರಿನ ವಿಭಾಗದವರು ರಸ್ತೆಯವರ ಕಡೆ ತೋರಿಸುತ್ತಾರೆ, ಅವರು ಇವರ ಕಡೆ. ಮಾದರಿ ಹೀಗಿರಲಿ:

*ಇವರಿಗೆ,*
*ಮಾನ್ಯ ಸದಸ್ಯರು, ವಾರ್ಡ್ ಸಂಖ್ಯೆ (ನಿಮ್ಮದು), ನಗರಸಭೆ.*

*ವಿಷಯ: 4ನೇ ಅಡ್ಡರಸ್ತೆಯ ಚರಂಡಿ ಹೂಳು ತೆಗೆಸಿ, ಮುಖ್ಯರಸ್ತೆಯ ಮೋರಿ ಸರಿಪಡಿಸುವ ಬಗ್ಗೆ.*

*ಮಾನ್ಯರೇ,*
*ನಮ್ಮ 4ನೇ ಅಡ್ಡರಸ್ತೆಯಲ್ಲಿ ಹಾಲಿನ ಬೂತ್‌ನಿಂದ ಮುಖ್ಯರಸ್ತೆಯವರೆಗೆ ಸುಮಾರು 120 ಮೀಟರ್ ಚರಂಡಿ ಇದೆ. ಮುಖ್ಯರಸ್ತೆಯ ಕೆಳಗಿನ ಮೋರಿ ಮುಚ್ಚಿಹೋಗಿದೆ. ಮಳೆ ಬಂದಾಗ ಕೊಳಚೆ ನೀರು 9 ಮನೆಗಳ ಒಳಗೆ ಬರುತ್ತಿದೆ. ಕಳೆದ ಮಳೆಗಾಲದ ಫೋಟೋಗಳನ್ನು ಲಗತ್ತಿಸಿದ್ದೇವೆ. ಮಳೆಗಾಲಕ್ಕೆ ಮೊದಲು ಹೂಳು ತೆಗೆಸಬೇಕು. ಮೋರಿಯ ಕೆಲಸವನ್ನು ಮುಂದಿನ ಕ್ರಿಯಾ ಯೋಜನೆಗೆ ಸೇರಿಸಬೇಕು. ಈ ಎರಡನ್ನೂ ಸಾಮಾನ್ಯ ಸಭೆಯ ಗಮನಕ್ಕೆ ತರಬೇಕೆಂದು ಕೋರುತ್ತೇವೆ.*

*ಇಂತಿ, 4ನೇ ಅಡ್ಡರಸ್ತೆ ನಿವಾಸಿಗಳು (ಹೆಸರು, ಮನೆ ಸಂಖ್ಯೆ, ಸಹಿ)*

*ಪ್ರತಿ: ಪೌರಾಯುಕ್ತರು, ನಗರಸಭೆ.*

ಇಲ್ಲಿ ಮುಖ್ಯವಾದದ್ದು ಅಳತೆ ಮತ್ತು ಜಾಗ. ‘ನಮ್ಮ ಏರಿಯಾದಲ್ಲಿ ಚರಂಡಿ ಸರಿಯಿಲ್ಲ’ ಎಂದರೆ ಎಂಜಿನಿಯರ್ ಅಂದಾಜು ಪಟ್ಟಿ ಮಾಡಲಾರರು. ‘ಹಾಲಿನ ಬೂತ್‌ನಿಂದ ಮುಖ್ಯರಸ್ತೆಯವರೆಗೆ 120 ಮೀಟರ್’ ಎಂದರೆ ಅವರ ಅರ್ಧ ಕೆಲಸ ಆಯಿತು. ಟೇಪ್ ಇಲ್ಲದಿದ್ದರೆ ಹೆಜ್ಜೆ ಲೆಕ್ಕ ಹಾಕಿ, ‘ಸುಮಾರು’ ಎಂದು ಸೇರಿಸಿ. ಬೀದಿದೀಪ ಆದರೆ ಕಂಬದ ಮೇಲೆ ಬರೆದ ಸಂಖ್ಯೆ ಹಾಕಿ.

ಸಹಿ ಹಾಕಿಸುವಾಗ ಬಾಡಿಗೆ ಮನೆಯವರನ್ನು ಬಿಡಬೇಡಿ. ‘ನಾವು ಬಾಡಿಗೆಯವರು, ನಮಗೆ ಹಕ್ಕಿಲ್ಲ’ ಎಂದು ಅವರೇ ಹಿಂದೆ ಸರಿಯುತ್ತಾರೆ. ಅವರೂ ಈ ವಾರ್ಡಿನಲ್ಲಿ ವಾಸಿಸುವವರು. ಅವರ ಮನೆಗೂ ನೀರು ನುಗ್ಗುತ್ತದೆ. ಮೂಲೆಯಲ್ಲಿ ಗೂಡಂಗಡಿ ಇಟ್ಟ ಅಮ್ಮ, ಇಸ್ತ್ರಿ ಮಾಡುವವರು, ಇವರ ಸಹಿ ಅಥವಾ ಹೆಬ್ಬೆಟ್ಟು ಕೂಡ ಇರಲಿ. ಇಡೀ ದಿನ ಆ ಬೀದಿಯಲ್ಲೇ ಕೂರುವವರು ಅವರು. ತೊಂದರೆ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕೊಡುವ ರೀತಿ

ಮೂರು ಪ್ರತಿ ಮಾಡಿ. ಒಂದು ಮೆಂಬರ್‌ಗೆ, ನೇರವಾಗಿ ಅವರ ಕೈಗೆ. ಇನ್ನೊಂದನ್ನು ನಗರಸಭೆಯ ಟಪಾಲು ವಿಭಾಗದಲ್ಲಿ ಕೊಡಿ. ಮೂರನೆಯದರ ಮೇಲೆ ಅಲ್ಲಿನ ಸೀಲು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ‘ಸೀಲು ಯಾಕೆ, ನಾವು ತಗೊಂಡಿದ್ದೀವಲ್ಲ’ ಎನ್ನುವವರು ಸಿಗುತ್ತಾರೆ. ಮೃದುವಾಗಿ, ಆದರೆ ಬಿಡದೆ ಕೇಳಿ. ಸೀಲಿಲ್ಲದ ಅರ್ಜಿ ಕೊಟ್ಟಿದ್ದಕ್ಕೆ ಮುಂದೆ ಯಾವ ಸಾಕ್ಷಿಯೂ ಇರುವುದಿಲ್ಲ.

ಮೆಂಬರ್‌ರನ್ನು ಒಮ್ಮೆ ಬೀದಿಗೆ ಕರೆಯಿರಿ. ಹತ್ತು ಜನ ಸಾಕು. ದೊಡ್ಡ ಗುಂಪು ಕಟ್ಟಿಕೊಂಡು ಕೂಗಾಡಿದರೆ ಅವರು ಸಮಾಧಾನ ಹೇಳಿ ತಪ್ಪಿಸಿಕೊಳ್ಳಲು ನೋಡುತ್ತಾರೆ. ಕಿರಿಯ ಎಂಜಿನಿಯರ್ ಅವರನ್ನೂ ಜೊತೆಗೆ ಕರೆತರಲು ಕೇಳಿ. ಕಸ, ಚರಂಡಿ ಸ್ವಚ್ಛತೆ ಆದರೆ ಆರೋಗ್ಯ ನಿರೀಕ್ಷಕರು ಬರಬೇಕು. ಇಬ್ಬರೂ ಒಟ್ಟಿಗೆ ನಿಂತಾಗ ‘ಅವರು ಹೇಳಲಿಲ್ಲ, ಇವರು ಮಾಡಲಿಲ್ಲ’ ಎನ್ನುವ ಮಾತು ಅಲ್ಲೇ ಮುಗಿಯುತ್ತದೆ.

ಒಂದು ಮಾತು ಮನಸ್ಸಿಟ್ಟು ಹೇಳಬೇಕು. ನಮ್ಮ ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಶೇ 50ರಷ್ಟು ಮೀಸಲಾತಿ ಇದೆ. ನಿಮ್ಮ ವಾರ್ಡಿನ ಸದಸ್ಯರು ಮಹಿಳೆ ಆಗಿರುವ ಸಾಧ್ಯತೆ ಹೆಚ್ಚು. ಆದರೆ ಜನ ಅರ್ಜಿ ಕೊಡುವುದು ಅವರ ಗಂಡನ ಕೈಗೆ. ಮಾತಾಡುವುದೂ ಗಂಡನ ಜೊತೆಗೇ. ಸಭೆಯಲ್ಲಿ ಕೂರುವವರು, ಮತ ಹಾಕುವವರು, ಪ್ರಶ್ನೆ ಕೇಳಬಲ್ಲವರು ಆಕೆ. ಗಂಡನಿಗೆ ಅಲ್ಲಿ ಯಾವ ಸ್ಥಾನವೂ ಇಲ್ಲ. ‘ಮೇಡಂ, ನಿಮ್ಮ ಹತ್ತಿರವೇ ಮಾತಾಡಬೇಕಿತ್ತು’ ಎಂದು ಕೇಳಿ. ಬೀದಿಯ ಹೆಂಗಸರನ್ನು ಕರೆದುಕೊಂಡು ಹೋಗಿ. ನಮ್ಮ ಪಕ್ಕದ ವಾರ್ಡಿನ ಸದಸ್ಯೆ ಮೊದಲು ಮಾತೇ ಆಡುತ್ತಿರಲಿಲ್ಲ. ನಮ್ಮ ಬೀದಿಯ ಹೆಂಗಸರು ಎರಡು ಸಲ ಹೋಗಿ ಬಂದ ಮೇಲೆ ಮೋರಿಯ ವಿಷಯವನ್ನು ಸಭೆಯಲ್ಲಿ ಎತ್ತಿದವರು ಅವರೇ.

ಯಾವಾಗ ಕೊಡಬೇಕು?

ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಜೂನ್‌ನಲ್ಲಿ ನೀರು ನುಗ್ಗಿದಾಗ ಚರಂಡಿ ಕೇಳಿದರೆ ಆ ವರ್ಷ ಚರಂಡಿ ಆಗುವುದು ಕಷ್ಟ. ಯಾಕೆಂದರೆ ಹಣದ ವರ್ಷ ಏಪ್ರಿಲ್ 1ಕ್ಕೆ ಶುರುವಾಗುತ್ತದೆ. ಆ ವರ್ಷದ ಬಜೆಟ್ ಅದಕ್ಕೂ ಮೊದಲೇ ಮುಗಿದಿರುತ್ತದೆ.

ಡಿಸೆಂಬರ್‌ನಿಂದ ಫೆಬ್ರುವರಿ ನಡುವೆ ಬಹಳಷ್ಟು ನಗರಸಭೆ, ಪಾಲಿಕೆಗಳು ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತವೆ. ಪತ್ರಿಕೆಯಲ್ಲಿ ಸಣ್ಣ ಪ್ರಕಟಣೆ ಬರುತ್ತದೆ, ಕಚೇರಿಯ ಸೂಚನಾ ಫಲಕದಲ್ಲೂ ಅಂಟಿಸಿರುತ್ತಾರೆ. ಸಾರ್ವಜನಿಕರು ಸಲಹೆ ಕೊಡಬಹುದು. ಎಷ್ಟೋ ಊರುಗಳಲ್ಲಿ ಈ ಸಭೆಗೆ ಬರುವವರು ಬೆರಳೆಣಿಕೆಯಷ್ಟು ಜನ. ಖಾಲಿ ಕುರ್ಚಿಗಳ ನಡುವೆ ನಿಮ್ಮ ಬೀದಿಯ ಐದು ಜನ ಹೋಗಿ, ಅದೇ ಅರ್ಜಿಯ ಪ್ರತಿ ಕೊಟ್ಟು ಎರಡು ನಿಮಿಷ ಮಾತಾಡಿದರೆ ಅದು ಎದ್ದು ಕಾಣುತ್ತದೆ. ಆದ್ದರಿಂದ ದೊಡ್ಡ ಕೆಲಸದ ಅರ್ಜಿಯನ್ನು ನವೆಂಬರ್‌ನಲ್ಲೇ ಕೊಟ್ಟುಬಿಡಿ. ಹೂಳು ತೆಗೆಯುವಂಥ ಮಳೆಗಾಲದ ಮುಂಚಿನ ಕೆಲಸಕ್ಕೆ ಮಾರ್ಚ್ ಸರಿಯಾದ ಕಾಲ. ಮೇ ಕೊನೆಯಲ್ಲಿ ಕೇಳಿದರೆ ಎಲ್ಲ ವಾರ್ಡಿನವರೂ ಒಟ್ಟಿಗೆ ಕೇಳುತ್ತಿರುತ್ತಾರೆ. ಜೆಸಿಬಿ ಒಂದೇ ಇರುತ್ತದೆ.

ಯಾವ ಹಣದಿಂದ ಕೆಲಸ ಆಗಬಹುದು ಎಂದು ಮೆಂಬರ್‌ರನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಆಸ್ತಿ ತೆರಿಗೆ, ನೀರಿನ ಶುಲ್ಕ, ಅಂಗಡಿ ಬಾಡಿಗೆ ಇವು ನಗರಸಭೆಯ ಸ್ವಂತ ನಿಧಿ. ಇದಲ್ಲದೆ ಎಸ್‌ಎಫ್‌ಸಿ (ರಾಜ್ಯ ಹಣಕಾಸು ಆಯೋಗ) ಅನುದಾನ, ಕೇಂದ್ರ ಹಣಕಾಸು ಆಯೋಗದ ಅನುದಾನ ಬರುತ್ತವೆ. ಕಚೇರಿಯಲ್ಲಿ ‘24.10’, ‘7.25’, ‘5’ ಎನ್ನುವ ಮಾತು ಕೇಳುತ್ತೀರಿ. ಶೇ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲಿಟ್ಟ ಹಣ. ನಿಮ್ಮ ವಾರ್ಡಿನಲ್ಲಿ ಪರಿಶಿಷ್ಟರ ಕಾಲೋನಿ ಇದ್ದು ಅಲ್ಲಿ ಕೆಲಸ ಬಾಕಿ ಇದ್ದರೆ, ‘ಹಣ ಇಲ್ಲ’ ಎನ್ನುವ ಉತ್ತರವನ್ನು ಹಾಗೇ ಒಪ್ಪಬೇಡಿ. ‘24.10ರಲ್ಲಿ ಎಷ್ಟು ಉಳಿದಿದೆ?’ ಎಂದು ಕೇಳಿ.

ಹಾಗೇ ನಿಮ್ಮ ಬೀದಿಯವರು ತೆರಿಗೆ ಬಾಕಿ ಇಟ್ಟುಕೊಂಡಿದ್ದರೆ ಮೊದಲು ಕಟ್ಟಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿಯೂ ಸಿಗುತ್ತದೆ. ಕಟ್ಟಿದ ರಸೀದಿ ಕೈಯಲ್ಲಿದ್ದಾಗ ಮಾತಿಗೆ ಬೇರೆಯೇ ತೂಕ ಬರುತ್ತದೆ.

ಸಭೆಯ ನಂತರ

ಸಾಮಾನ್ಯ ಸಭೆ ತಿಂಗಳಿಗೊಮ್ಮೆ ಸೇರಬೇಕು. ಸಭೆಗೆ ಮುಂಚೆ ವಿಷಯಪಟ್ಟಿ ತಯಾರಾಗುತ್ತದೆ. ನಿಮ್ಮ ಕೆಲಸ ಅದರಲ್ಲಿ ಇದೆಯಾ ಎಂದು ಮೆಂಬರ್‌ರನ್ನು ಕೇಳಿ. ಸಭೆ ಆದ ಮೇಲೆ ನಡಾವಳಿ ಬರೆಯುತ್ತಾರೆ. ಅದರಲ್ಲಿ ಏನು ಬರೆದಿದ್ದಾರೆ ಎನ್ನುವುದು ಮುಖ್ಯ. ‘ಚರ್ಚಿಸಲಾಯಿತು’ ಎಂದಿದ್ದರೆ ಏನೂ ಆಗಿಲ್ಲ ಎಂದೇ ಅರ್ಥ. ‘ತೀರ್ಮಾನಿಸಲಾಯಿತು’ ಎಂದಿದ್ದರೆ ಹಿಡಿದುಕೊಳ್ಳಲು ಒಂದು ಎಳೆ ಸಿಕ್ಕಿತು.

ಅಲ್ಲಿಂದ ಮುಂದಿನ ಹಾದಿ ಉದ್ದ. ಅಂದಾಜು ಪಟ್ಟಿ, ಕ್ರಿಯಾ ಯೋಜನೆ, ಅದಕ್ಕೆ ಜಿಲ್ಲಾಧಿಕಾರಿ ಕಚೇರಿಯ ಒಪ್ಪಿಗೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ನಡುವೆ ಯಾವುದಾದರೂ ಚುನಾವಣೆಯ ನೀತಿ ಸಂಹಿತೆ ಬಂದರೆ ಹೊಸ ಕೆಲಸ ನಿಲ್ಲುತ್ತದೆ. ಹಾಗಾಗಿ ಸುಮ್ನೆ ‘ಯಾವಾಗ ಆಗುತ್ತೆ?’ ಎಂದು ಕೇಳುವ ಬದಲು ‘ಕಡತ ಈಗ ಯಾವ ಹಂತದಲ್ಲಿದೆ?’ ಎಂದು ಕೇಳಿ. ಮೊದಲ ಪ್ರಶ್ನೆಗೆ ಭರವಸೆ ಸಿಗುತ್ತದೆ, ಎರಡನೆಯದಕ್ಕೆ ಮಾಹಿತಿ ಸಿಗುತ್ತದೆ. ಹದಿನೈದು ದಿನಕ್ಕೊಮ್ಮೆ ಒಬ್ಬರು ಕೇಳಿದರೆ ಸಾಕು. ದಿನಾ ಹತ್ತು ಜನ ಫೋನ್ ಮಾಡುವುದು ಬೇಡ. ಬೀದಿಯಲ್ಲಿ ಒಬ್ಬರನ್ನು ಇದಕ್ಕೆಂದೇ ಗೊತ್ತು ಮಾಡಿಕೊಳ್ಳಿ, ಒಂದು ನೋಟ್‌ಬುಕ್ ಇಡಿ. ಯಾವ ದಿನ ಯಾರು ಏನು ಹೇಳಿದರು ಎಂದು ಬರೆಯಿರಿ.

ಮೆಂಬರ್ ಕೇಳದಿದ್ದರೆ, ಅಥವಾ ಮೆಂಬರ್ ಇಲ್ಲದಿದ್ದರೆ

ಚುನಾಯಿತ ಮಂಡಳಿಯ ಐದು ವರ್ಷ ಮುಗಿದು ಹೊಸ ಚುನಾವಣೆ ಆಗದ ಊರುಗಳಿವೆ. ಬೆಂಗಳೂರಿನಲ್ಲಿ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಲ್ಲಿ ಕಾರ್ಪೊರೇಟರ್‌ಗಳೇ ಇರಲಿಲ್ಲ. ಇಂಥ ಸಮಯದಲ್ಲಿ ಆಡಳಿತಾಧಿಕಾರಿ ಇರುತ್ತಾರೆ. ಅರ್ಜಿ ನೇರ ಅವರಿಗೂ ಪೌರಾಯುಕ್ತರಿಗೂ ಕೊಡಿ. ಶಾಸಕರು, ಸಂಸದರು ಕೂಡ ನಗರಸಭೆಯ ಸದಸ್ಯರೇ. ಅವರ ಕಚೇರಿಗೂ ಒಂದು ಪ್ರತಿ ಹೋಗಲಿ.

ಪಾಲಿಕೆ ಇರುವ ಊರಿನವರಿಗೆ ವಾರ್ಡ್ ಸಮಿತಿ ಎಂಬ ಇನ್ನೊಂದು ದಾರಿ ಇದೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆ ಇರುವ ಕಡೆ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನದ 74ನೇ ತಿದ್ದುಪಡಿಯೇ ಹೇಳುತ್ತದೆ. ಅದು 1993ರ ಜೂನ್ 1ರಿಂದ ಜಾರಿಯಲ್ಲಿದೆ. ನಿಮ್ಮ ವಾರ್ಡಿನಲ್ಲಿ ಸಮಿತಿ ಇದೆಯಾ, ಸಭೆ ಯಾವಾಗ ಎಂದು ವಿಚಾರಿಸಿ. ಇಲ್ಲದಿದ್ದರೆ ‘ಯಾಕಿಲ್ಲ?’ ಎಂದು ಬರಹದಲ್ಲಿ ಕೇಳಿ.

ಎರಡು ತಿಂಗಳಾದರೂ ಉತ್ತರ ಬಾರದಿದ್ದರೆ 1902 ಸಹಾಯವಾಣಿಗೆ ದೂರು ಕೊಡಿ, ಕೊಟ್ಟ ಸಂಖ್ಯೆಯನ್ನು ಬರೆದುಕೊಳ್ಳಿ. ಜಿಲ್ಲಾಧಿಕಾರಿ ಕಚೇರಿಯಲ್ಲಿರುವ ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೂ ಬರೆಯಬಹುದು. ಅದಕ್ಕೂ ಬಗ್ಗದಿದ್ದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಕೊಡಬೇಕು. ‘ಯಾಕೆ ಮಾಡಿಲ್ಲ?’ ಎಂದು ಕೇಳಬೇಡಿ. ಕಾಗದ ಕೇಳಿ: ‘ಇಂಥ ದಿನಾಂಕದ, ಇಂಥ ಸ್ವೀಕೃತಿ ಸಂಖ್ಯೆಯ ನಮ್ಮ ಅರ್ಜಿಯ ಮೇಲೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಯ ಪ್ರತಿ ಕೊಡಿ.’ ಸೀಲು ಹಾಕಿಸಿಕೊಂಡ ಆ ಮೂರನೇ ಪ್ರತಿ ಕೆಲಸಕ್ಕೆ ಬರುವುದು ಈಗ.

ಕೆಲಸ ಶುರುವಾದಾಗ

ಬಹಳ ಜನ ಇಲ್ಲಿಗೆ ಬರುವಷ್ಟರಲ್ಲಿ ದಣಿದು ಕೈಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಕಾರ್ಯಾದೇಶ ಮತ್ತು ಅಂದಾಜು ಪಟ್ಟಿಯ ಪ್ರತಿ ಕೇಳಿ ಪಡೆಯಿರಿ. ಚರಂಡಿ ಎಷ್ಟು ಉದ್ದ, ಎಷ್ಟು ಅಗಲ, ಮೇಲೆ ಸ್ಲ್ಯಾಬ್ ಇದೆಯಾ ಎಂಬುದು ಅದರಲ್ಲಿ ಇರುತ್ತದೆ. ಫೋಟೋ ತೆಗೆಯುತ್ತಿರಿ, ಅದರಲ್ಲೂ ಮುಚ್ಚುವ ಮೊದಲು. ಕಾಂಕ್ರೀಟ್ ಹಾಕಿದ ಮೇಲೆ ದಿನವೂ ನೀರು ಹಾಯಿಸಿ ಕ್ಯೂರಿಂಗ್ ಮಾಡುತ್ತಾರಾ ನೋಡಿ. ಕೆಲಸ ಮಾಡುವ ಕೂಲಿಯವರ ಜೊತೆ ಜಗಳ ಬೇಡ. ಅವರಿಗೆ ಕುಡಿಯಲು ನೀರು ಕೊಡಿ. ತಪ್ಪು ಕಂಡರೆ ಕಿರಿಯ ಎಂಜಿನಿಯರ್‌ಗೆ ಫೋನ್ ಮಾಡಿ, ಮೆಂಬರ್‌ಗೂ ತಿಳಿಸಿ.

ಚರಂಡಿಗೆ ಒಂದು ಸುಲಭ ಪರೀಕ್ಷೆ ಇದೆ. ಎತ್ತರದ ತುದಿಯಲ್ಲಿ ನಾಲ್ಕು ಬಕೆಟ್ ನೀರು ಸುರಿಯಿರಿ. ನೀರು ಕೆಳಗಿನ ತುದಿಗೆ ಹರಿದರೆ ಇಳಿಜಾರು ಸರಿ ಇದೆ. ನಡುವೆ ನಿಂತರೆ ಅಲ್ಲಿ ಮುಂದೆ ಸೊಳ್ಳೆ ಸಾಕಿದಂತೆಯೇ. ಇದನ್ನು ಬಿಲ್ ಆಗುವ ಮೊದಲೇ ಮಾಡಬೇಕು. ಎಂಜಿನಿಯರ್ ಅಳತೆ ತೆಗೆದು ಎಂ ಬುಕ್ ಎನ್ನುವ ಅಳತೆ ಪುಸ್ತಕದಲ್ಲಿ ಬರೆದ ಮೇಲೆಯೇ ಗುತ್ತಿಗೆದಾರರಿಗೆ ಹಣ ಹೋಗುವುದು. ಆ ಅಳತೆಯ ದಿನ ಬೀದಿಯವರು ಇಬ್ಬರಾದರೂ ಅಲ್ಲಿ ನಿಲ್ಲಿ. ಬಿಲ್ ಆದ ಮೇಲೂ ಇಂತಿಷ್ಟು ಕಾಲ ದೋಷ ಕಂಡರೆ ಗುತ್ತಿಗೆದಾರರೇ ಸರಿಪಡಿಸಬೇಕು. ಆ ಅವಧಿ ಎಷ್ಟು ಎಂದು ಕೇಳಿ ಬರೆದಿಟ್ಟುಕೊಳ್ಳಿ.

ನಮ್ಮ ಬೀದಿಯಲ್ಲಿ ಮೊದಲು ಆದದ್ದು ಮೋರಿಯ ಹೂಳು ತೆಗೆಯುವ ಕೆಲಸ, ಅದೂ ಒಂದೇ ದಿನದಲ್ಲಿ. ಹೊಸ ಮೋರಿಗೆ ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ ಜಾಗ ಸಿಕ್ಕಿತು. ಆ ಮಳೆಗಾಲ ಒಂಬತ್ತು ಮನೆಗಳಲ್ಲಿ ಒಂದಕ್ಕೂ ನೀರು ನುಗ್ಗಲಿಲ್ಲ. ಇಬ್ಬರು ಮೆಂಬರ್‌ಗಳಿಗೂ ಬೀದಿಯವರೆಲ್ಲ ಸಹಿ ಹಾಕಿ ಒಂದು ಧನ್ಯವಾದ ಪತ್ರ ಕೊಟ್ಟೆವು. ಅದೇ ಪತ್ರದ ಕೊನೆಯಲ್ಲಿ ಆರಿಹೋದ ಮೂರು ಬೀದಿದೀಪಗಳ ಕಂಬದ ಸಂಖ್ಯೆಯನ್ನೂ ಬರೆದಿದ್ದೆವು. ಎರಡು ವಿಷಯ ಒಂದರಲ್ಲೇ ಬೇಡ ಎಂದು ನಮ್ಮ ಹಿರಿಯರು ಅದನ್ನು ಹೊಡೆದುಹಾಕಿ ಬೇರೆ ಹಾಳೆಯಲ್ಲಿ ಬರೆಸಿದರು. ಅದರ ಮೂರನೇ ಪ್ರತಿ ಈಗ ನನ್ನ ಫೈಲಿನಲ್ಲಿದೆ, ಸೀಲಿನ ಸಮೇತ.